ದೊಡ್ಡ ಡೀಲ್‌ಗೆ ಮೇಜಿನ ಮುಂದೆ ಯಾರು ಕೂರಬೇಕು? ಸಿಇಒ, ಮಾಲೀಕ, ಕೋಚ್, ಸ್ಪೋರ್ಟಿಂಗ್ ಡೈರೆಕ್ಟರ್

2013ರ ಬೇಸಿಗೆ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಎವರ್ಟನ್‌ನಲ್ಲಿ ಆಡುತ್ತಿದ್ದ ಮರುವಾನ್ ಫೆಲೈನಿಯ ಒಪ್ಪಂದದಲ್ಲಿ ಒಂದು ರಿಲೀಸ್ ಕ್ಲಾಸ್ (ಬಿಡುಗಡೆಯ ಷರತ್ತು) ಇತ್ತು. ಯಾವುದಾದರೂ ಕ್ಲಬ್ 2.35 ಕೋಟಿ ಪೌಂಡ್ ತಂದರೆ ಅವನನ್ನು ಬಿಟ್ಟುಕೊಡಬೇಕು, ಅಷ್ಟೇ. ಆ ಕ್ಲಾಸ್‌ನ ಗಡುವು ಜುಲೈ ಕೊನೆಗೆ ಮುಗಿಯಿತು. ಸೆಪ್ಟೆಂಬರ್ 2ರ ರಾತ್ರಿ, ಟ್ರಾನ್ಸ್‌ಫರ್ ವಿಂಡೋ (ಆಟಗಾರರನ್ನು ಕೊಳ್ಳಲು, ಮಾರಲು ಇರುವ ಅವಧಿ) ಮುಚ್ಚುವ ಹೊತ್ತಿಗೆ, ಮ್ಯಾಂಚೆಸ್ಟರ್ ಯುನೈಟೆಡ್ ಅದೇ ಫೆಲೈನಿಗೆ 2.75 ಕೋಟಿ ಕೊಟ್ಟಿತು. ಅದೇ ಆಟಗಾರ, ಅದೇ ಕಾಲು, ಅದೇ ಗುಂಗುರು ಕೂದಲು. ಒಂದು ತಿಂಗಳು ತಡ ಮಾಡಿದ್ದಕ್ಕೆ 40 ಲಕ್ಷ ಪೌಂಡ್ ಜಾಸ್ತಿ. ಅದರಲ್ಲೂ ಯುನೈಟೆಡ್‌ನ ಹೊಸ ಕೋಚ್ ಡೇವಿಡ್ ಮೋಯೆಸ್ ಎವರ್ಟನ್‌ನಲ್ಲೇ 11 ವರ್ಷ ಇದ್ದು ಬಂದವರು!

ಆಗ ಯುನೈಟೆಡ್ ಪರವಾಗಿ ಮಾತುಕತೆಗೆ ಕೂತವರು ಎಡ್ ವುಡ್‌ವರ್ಡ್, ಕ್ಲಬ್‌ನಲ್ಲಿ ಸಿಇಒ ಕೆಲಸ ನೋಡುತ್ತಿದ್ದವರು. ದಡ್ಡರೇನೂ ಅಲ್ಲ. ಭೌತಶಾಸ್ತ್ರ ಓದಿದವರು, ಚಾರ್ಟರ್ಡ್ ಅಕೌಂಟೆಂಟ್ ಆದವರು, ಆಮೇಲೆ ಜೆಪಿ ಮಾರ್ಗನ್ ಬ್ಯಾಂಕಿನಲ್ಲಿ ಕಂಪನಿಗಳನ್ನು ಕೊಳ್ಳುವ, ಮಾರುವ ಕೆಲಸದಲ್ಲಿ ಪಳಗಿದವರು. 2005ರಲ್ಲಿ ಗ್ಲೇಜರ್ ಕುಟುಂಬ ಕ್ಲಬ್ಬನ್ನು ಕೊಂಡಾಗ ಸಲಹೆ ಕೊಟ್ಟಿದ್ದೂ ಅವರೇ. 2014ರಲ್ಲಿ ಅಡಿಡಾಸ್ ಜೊತೆ 10 ವರ್ಷಕ್ಕೆ 75 ಕೋಟಿ ಪೌಂಡಿನ ಕಿಟ್ ಒಪ್ಪಂದ ಆಗಿದ್ದು ಅವರ ಕಾಲದಲ್ಲಿ. ಅಂಥವರು ಆಟಗಾರರನ್ನು ಕೊಳ್ಳಲು ಹೋದಾಗ ಯಾಕೆ ಅಷ್ಟು ಸಲ ಎಡವಿದರು? ನಾನು ಈ ಪ್ರಶ್ನೆಯನ್ನು ವರ್ಷಗಟ್ಟಲೆ ತಲೆಯಲ್ಲಿ ಇಟ್ಟುಕೊಂಡು ತಿರುಗಿದ್ದೇನೆ. ಕೊನೆಗೆ ನನಗೆ ಹೊಳೆದ ಉತ್ತರ ಸರಳ. ಸ್ಪಾನ್ಸರ್ ಹತ್ತಿರ ಹೋದಾಗ ಅವರು ಮಾರುವವರು. ಅವರ ಕೈಯಲ್ಲಿ ಇದ್ದಿದ್ದು ಜಗತ್ತಿಗೇ ಬೇಕಾದ ಒಂದು ಹೆಸರು, ಎದುರಿಗೆ ಕ್ಯೂ ನಿಂತ ಕಂಪನಿಗಳು. ಆಟಗಾರನನ್ನು ಕೊಳ್ಳಲು ಹೋದಾಗ ಮೇಜು ತಿರುಗುತ್ತದೆ. ಈಗ ಬೇಕಾದ ವಸ್ತು ಎದುರಿನವರ ಹತ್ತಿರ ಇದೆ, ನಿಮ್ಮ ಜೇಬಿನಲ್ಲಿ ಎಷ್ಟಿದೆ ಅಂತ ಊರಿಗೆಲ್ಲ ಗೊತ್ತಿದೆ, ಗಡಿಯಾರ ಬೇರೆ ಓಡ್ತಾ ಇದೆ.

ಆದ್ದರಿಂದ "ನಮ್ಮ ಕ್ಲಬ್‌ನ ಸಿಇಒ ದೊಡ್ಡ ಡೀಲ್‌ಗೆ ಸರಿಯಾದವರಾ" ಅಂತ ಕೇಳುವವರು ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಕೊಳ್ಳುವುದಕ್ಕಾ, ಮಾರುವುದಕ್ಕಾ? ಎರಡೂ ಒಂದೇ ಕೆಲಸ ಅಂತ ಅಂದುಕೊಂಡಿದ್ದರಿಂದಲೇ ಎಷ್ಟೋ ದೊಡ್ಡ ಕ್ಲಬ್‌ಗಳು ದುಡ್ಡು ಸುಟ್ಟುಕೊಂಡಿವೆ.

ಡೀಲ್ ಅಂದ್ರೆ ಬರೀ ಒಂದು ಮೊತ್ತ ಅಲ್ಲ

ಯಾರು ಕೂರಬೇಕು ಅಂತ ಹೋಲಿಸುವ ಮುಂಚೆ ಅಲ್ಲಿ ಏನೇನು ಮಾತಾಡ್ತಾರೆ ಅಂತ ಗೊತ್ತಿರಬೇಕು. ಸುದ್ದಿಯಲ್ಲಿ ಬರೋದು ಒಂದೇ ಸಂಖ್ಯೆ. ಒಳಗೆ ಅದು ಹತ್ತಾರು ತುಂಡು.

ಮೊದಲು ಕ್ಲಬ್‌ಗೆ ಕೊಡುವ ಹಣ. ಅದನ್ನು ಒಂದೇ ಸಲ ಕೊಡೋದು ಕಡಿಮೆ, ಕಂತಿನಲ್ಲೇ ಹೋಗುತ್ತದೆ. ಆಮೇಲೆ ಷರತ್ತಿನ ಮೊತ್ತ: ಇಷ್ಟು ಪಂದ್ಯ ಆಡಿದರೆ ಇಷ್ಟು, ಚಾಂಪಿಯನ್ಸ್ ಲೀಗ್‌ಗೆ ಹೋದರೆ ಇಷ್ಟು. ಮುಂದೆ ಅವನನ್ನು ಮಾರಿದರೆ ಹಳೇ ಕ್ಲಬ್‌ಗೆ ಸಿಗುವ ಪಾಲು. ಆಟಗಾರನ ಸಂಬಳ, ಸಹಿ ಹಾಕಿದ್ದಕ್ಕೆ ಬೋನಸ್, ಏಜೆಂಟ್ ಕಮಿಷನ್. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋದರೆ, 12ರಿಂದ 23ರ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಫಿಫಾ ನಿಯಮದ ಪ್ರಕಾರ ಶೇ 5ರ ತನಕ ಹಂಚಿಕೆ. ಇದರ ಮೇಲೆ ಲೆಕ್ಕಪತ್ರದ ವಿಷಯ ಇದೆ. 5 ಕೋಟಿಗೆ ಕೊಂಡು 5 ವರ್ಷದ ಒಪ್ಪಂದ ಕೊಟ್ಟರೆ ಪುಸ್ತಕದಲ್ಲಿ ವರ್ಷಕ್ಕೆ 1 ಕೋಟಿ ಖರ್ಚು ಅಂತ ಬರೆಯುತ್ತಾರೆ. ಒಪ್ಪಂದ ಉದ್ದವಾದಷ್ಟೂ ವರ್ಷದ ಖರ್ಚು ಕಡಿಮೆ ಕಾಣುತ್ತದೆ. ಚೆಲ್ಸಿ ಇದನ್ನೇ ಹಿಡಿದು 2023ರ ಜನವರಿಯಲ್ಲಿ ಮುಡ್ರಿಕ್‌ಗೆ ಎಂಟೂವರೆ ವರ್ಷದ ಒಪ್ಪಂದ ಕೊಟ್ಟಿತು. ಅದೇ ವರ್ಷ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಈ ಲೆಕ್ಕವನ್ನು ಜಾಸ್ತಿ ಅಂದರೆ 5 ವರ್ಷಕ್ಕೆ ಹಂಚಬಹುದು ಅಂತ ಮಿತಿ ಹಾಕಿತು. ಡಿಸೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಕೂಡ ಅದೇ ದಾರಿ ಹಿಡಿಯಿತು.

ಸಣ್ಣ ಅಕ್ಷರದ ಸಾಲುಗಳು ಎಷ್ಟು ದೊಡ್ಡದಾಗಬಹುದು ನೋಡಿ. 2010ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತನ್ನ ಹದಿಹರೆಯದ ಹುಡುಗ ರಹೀಮ್ ಸ್ಟರ್ಲಿಂಗ್‌ನನ್ನು ಲಿವರ್‌ಪೂಲ್‌ಗೆ ಕೊಟ್ಟಿತು. ಕೊಡುವಾಗ ಮುಂದಿನ ಮಾರಾಟದಲ್ಲಿ ಪಾಲು ಬೇಕು ಅಂತ ಬರೆಸಿಕೊಂಡಿತ್ತು. 2015ರಲ್ಲಿ ಅವನು 4.9 ಕೋಟಿ ಪೌಂಡಿಗೆ ಮ್ಯಾಂಚೆಸ್ಟರ್ ಸಿಟಿಗೆ ಹೋದಾಗ ಆ ಒಂದು ಸಾಲಿನಿಂದ ರೇಂಜರ್ಸ್‌ಗೆ ಲಕ್ಷಗಟ್ಟಲೆ ಪೌಂಡ್ ಬಂತು. ಅದನ್ನು ಬರೆಸಿದವರ ಹೆಸರು ಯಾವ ಅಭಿಮಾನಿಗೂ ನೆನಪಿಲ್ಲ. ನನಗೆ ಅಂಥವರ ಮೇಲೆ ತುಂಬಾ ಗೌರವ.

ಸಿಇಒ: ಮಾರಲು ಸರಿ, ಕೊಳ್ಳಲು ಹುಷಾರು

ಹಣದ ಕಡೆಯಿಂದ ಬಂದ ಸಿಇಒ ಕೈಲಿ ಏನು ಚೆನ್ನಾಗಿ ಆಗುತ್ತದೆ? ಕಂತು, ತೆರಿಗೆ, ಬ್ಯಾಂಕ್, ಕರಾರು ಪತ್ರ. ಮಾಲೀಕರ ಹತ್ತಿರ ಒಂದೇ ಫೋನಿನಲ್ಲಿ ಒಪ್ಪಿಗೆ ತರುವುದು. ಇವು ಸಣ್ಣ ವಿಷಯಗಳಲ್ಲ. ಎದುರಿನ ಕ್ಲಬ್‌ಗೆ "ಇವರು ಹೌದು ಅಂದರೆ ಹೌದು" ಅನ್ನುವ ನಂಬಿಕೆ ಬರುತ್ತದೆ.

ಎಡವುವುದು ಎಲ್ಲಿ ಅಂದರೆ, ಇವರಿಗೆ ಆಟಗಾರನ ನಿಜವಾದ ಬೆಲೆ ತಾವಾಗಿ ಗೊತ್ತಿರುವುದಿಲ್ಲ. ಬೇರೆಯವರು ಹೇಳಿದ್ದನ್ನು ನಂಬಬೇಕು. "ಇವನು ಸಿಗದಿದ್ದರೆ ಆ ಇನ್ನೊಬ್ಬ ಶೇ 90ರಷ್ಟು ಇವನ ಹಾಗೇ ಆಡ್ತಾನೆ, ಅರ್ಧ ಬೆಲೆಗೆ ಸಿಗ್ತಾನೆ" ಅನ್ನುವ ಧೈರ್ಯ ಇರುವುದಿಲ್ಲ. ಆ ಎರಡನೇ ಹೆಸರು ಜೇಬಿನಲ್ಲಿ ಇಲ್ಲದವರು ಮೇಜಿನಿಂದ ಎದ್ದು ಹೋಗುವ ಹಾಗಿಲ್ಲ. ಎದ್ದು ಹೋಗಲಾರದವರ ಜುಟ್ಟು ಎದುರಿನವರ ಕೈಯಲ್ಲಿ.

ಯುನೈಟೆಡ್ ಉದಾಹರಣೆಗಳನ್ನು ಸುಮ್ನೆ ಸಾಲಾಗಿ ನೋಡಿ. 2013ರಲ್ಲಿ ಆಂಡರ್ ಹೆರೇರಾಗೆ ಬಿಡ್ ಮಾಡಿದರು, ಅಥ್ಲೆಟಿಕ್ ಬಿಲ್ಬಾವೊ ರಿಲೀಸ್ ಕ್ಲಾಸ್‌ಗಿಂತ ಒಂದು ಯೂರೋ ಕಡಿಮೆ ಆದರೂ ಆಗಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿತು, ಕೊನೇ ದಿನ ಡೀಲ್ ಬಿದ್ದುಹೋಯಿತು, ಮುಂದಿನ ವರ್ಷ ಅದೇ 3.6 ಕೋಟಿ ಯೂರೋ ಪೂರ್ತಿ ಕೊಟ್ಟು ಕರೆತಂದರು. ಅಂದರೆ ಒಂದು ಸೀಸನ್ ಕಳೆದುಕೊಂಡು ಉಳಿಸಿದ್ದು ಸೊನ್ನೆ. 2014ರಲ್ಲಿ ಡಿ ಮರಿಯಾಗೆ 5.97 ಕೋಟಿ ಪೌಂಡ್, ಬ್ರಿಟನ್‌ನ ಆಗಿನ ದಾಖಲೆ. ಒಂದೇ ವರ್ಷಕ್ಕೆ ಪ್ಯಾರಿಸ್‌ನ ಕ್ಲಬ್ ಪಿಎಸ್‌ಜಿಗೆ ಸುಮಾರು 4.4 ಕೋಟಿಗೆ ಮಾರಾಟ. 2012ರಲ್ಲಿ ಒಪ್ಪಂದ ಮುಗಿದು ಕೈತಪ್ಪಿ ಹೋದ ಪೋಗ್ಬಾನನ್ನು 2016ರಲ್ಲಿ 8.93 ಕೋಟಿ ಪೌಂಡ್ ಕೊಟ್ಟು ವಾಪಸ್ ತಂದರು, 2022ರಲ್ಲಿ ಅವನು ಮತ್ತೆ ಒಪ್ಪಂದ ಮುಗಿಸಿಕೊಂಡು ಪುಕ್ಕಟೆಯಾಗಿ ಹೊರಟ. 2019ರಲ್ಲಿ ಹ್ಯಾರಿ ಮಗ್ವಾಯರ್‌ಗೆ 8 ಕೋಟಿ. ಲೆಸ್ಟರ್ ಸುಮ್ಮನೆ ಕೂತು ಕಾದಿತ್ತು. ಅವನಿಗೆ ಹೊಸ ಉದ್ದ ಒಪ್ಪಂದ ಇತ್ತು, ಯುನೈಟೆಡ್‌ಗೆ ಡಿಫೆಂಡರ್ ಬೇಕು ಅಂತ ಎಲ್ಲರಿಗೂ ಗೊತ್ತಿತ್ತು.

ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು. 2020ರಲ್ಲಿ ಜೇಡನ್ ಸ್ಯಾಂಚೊಗೆ ಡಾರ್ಟ್ಮಂಡ್ 12 ಕೋಟಿ ಯೂರೋ ಕೇಳಿ, ಆಗಸ್ಟ್ 10ರೊಳಗೆ ಮುಗಿಸಿ ಅಂತ ಗಡುವು ಹಾಕಿತ್ತು. ಯುನೈಟೆಡ್ ಬಗ್ಗಲಿಲ್ಲ. ಮರುವರ್ಷ 8.5 ಕೋಟಿ ಯೂರೋಗೆ ಬಂದ. ಚೌಕಾಸಿ ಅಂತ ನೋಡಿದರೆ ಗೆಲುವು. ಆಟ ನೋಡಿದರೆ ಬೇಸರ, ಅವನು ಅಲ್ಲಿ ನಿಲ್ಲಲೇ ಇಲ್ಲ. ಬೆಲೆ ಇಳಿಸುವುದೊಂದೇ ಯಶಸ್ಸು ಅಂತ ಅಳೆಯುವವರು ಈ ಡೀಲನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಸಿಇಒ ಕೂತು ಕೆಟ್ಟ ಇನ್ನೊಂದು ಡೀಲ್ ನನಗೆ ಮರೆಯಲಾಗದ್ದು. 2013ರ ಜುಲೈಯಲ್ಲಿ ಆರ್ಸೆನಲ್ ಲೂಯಿಸ್ ಸುವಾರೆಜ್‌ಗೆ 4,00,00,001 ಪೌಂಡ್ ಬಿಡ್ ಮಾಡಿತು. ನಾಲ್ಕು ಕೋಟಿ ಮತ್ತು ಒಂದು ಪೌಂಡ್! ನಾಲ್ಕು ಕೋಟಿ ದಾಟಿದರೆ ಲಿವರ್‌ಪೂಲ್ ಬಿಟ್ಟುಕೊಡಲೇಬೇಕು ಅಂತ ಅವರ ಲೆಕ್ಕ. ಆ ಒಂದು ಪೌಂಡ್ ಲಿವರ್‌ಪೂಲ್‌ಗೆ ಅವಮಾನದ ಹಾಗೆ ಕಂಡಿತು. ಮಾಲೀಕ ಜಾನ್ ಹೆನ್ರಿ ಟ್ವಿಟರ್‌ನಲ್ಲೇ ಸಿಟ್ಟು ತೋರಿಸಿದರು, ಆಟಗಾರನನ್ನು ಬಿಡಲಿಲ್ಲ. ಕ್ಲಾಸ್ ಇದ್ದಿದ್ದು ನಿಜ, ಆದರೂ ಮಾರುವುದಿಲ್ಲ ಅಂತ ನಾವು ನಿರ್ಧರಿಸಿದೆವು ಅಂತ ಮುಂದಿನ ವರ್ಷ ಹೆನ್ರಿ ಬಹಿರಂಗವಾಗಿಯೇ ಹೇಳಿದರು. ಕಾಗದದ ಮೇಲೆ ಏನಿದೆ ಅಂತ ಓದುವುದು ಒಂದು, ಎದುರಿನವರು ಹೇಗೆ ತಗೋತಾರೆ ಅಂತ ಓದುವುದು ಇನ್ನೊಂದು. ಹೆಚ್ಚು ಕೊಟ್ಟು ಕೇಳಿದ್ದರೂ ಬಿಡುತ್ತಿರಲಿಲ್ಲವೇನೋ. ಆದರೆ ಆ ಒಂದು ಪೌಂಡ್ ಇದ್ದಬದ್ದ ಬಾಗಿಲನ್ನೂ ಮುಚ್ಚಿತು. ಮುಂದಿನ ಬೇಸಿಗೆಗೆ ಸುವಾರೆಜ್ ಬಾರ್ಸಿಲೋನಾಗೆ ಹೋದ.

ಮಾಲೀಕ ಅಥವಾ ಅಧ್ಯಕ್ಷ ತಾನೇ ಕೂತರೆ

ಇದರ ಬಲ ಗೊತ್ತೇ ಇದೆ. ಯಾರನ್ನೂ ಕೇಳಬೇಕಾಗಿಲ್ಲ, ರಾತ್ರಿ ಒಂದು ಗಂಟೆಗೂ ನಿರ್ಧಾರ ಆಗುತ್ತದೆ. 2001ರಿಂದ 2025ರವರೆಗೆ ಟೋಟೆನ್ಹ್ಯಾಮ್ ಅಧ್ಯಕ್ಷರಾಗಿದ್ದ ಡೇನಿಯಲ್ ಲೆವಿ ಈ ದಾರಿಯ ದೊಡ್ಡ ಹೆಸರು. 2008ರಲ್ಲಿ ಬರ್ಬಟೊವ್‌ಗಾಗಿ ಅವರ ಜೊತೆ ಹೆಣಗಿದ ಅಲೆಕ್ಸ್ ಫರ್ಗುಸನ್, ತಮ್ಮ ಸೊಂಟದ ಆಪರೇಷನ್‌ಗಿಂತ ಆ ಮಾತುಕತೆಯೇ ಜಾಸ್ತಿ ನೋವು ಕೊಟ್ಟಿತು ಅಂತ ಬರೆದಿದ್ದಾರೆ. 2013ರಲ್ಲಿ ಗ್ಯಾರೆತ್ ಬೇಲ್‌ನನ್ನು ಆಗಿನ ವಿಶ್ವದಾಖಲೆ ಬೆಲೆಗೆ ರಿಯಲ್ ಮ್ಯಾಡ್ರಿಡ್‌ಗೆ ಕೊಟ್ಟರು. 2023ರಲ್ಲಿ, 30 ತುಂಬಿದ ಹ್ಯಾರಿ ಕೇನ್‌ಗೆ ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿದ್ದರೂ, ಜರ್ಮನಿಯ ಬಯರ್ನ್ ಮ್ಯೂನಿಕ್‌ನಿಂದ ಸುಮಾರು 10 ಕೋಟಿ ಯೂರೋ ಕಿತ್ತರು. ಎರಡು ವರ್ಷ ಮುಂಚೆ ಸಿಟಿ ಬಂದಾಗ ಬಿಡದೆ ಪಟ್ಟು ಹಿಡಿದಿದ್ದರು. ಅದಕ್ಕೆ ಬಲ ಕೊಟ್ಟಿದ್ದು 2018ರಲ್ಲಿ ಹಾಕಿಸಿದ ಆರು ವರ್ಷದ ಸಹಿ.

ಅದೇ ಪಟ್ಟು ಕೊಳ್ಳುವಾಗ ಏನು ಮಾಡಿತು? 2018ರ ಬೇಸಿಗೆಯಲ್ಲಿ ಆಸ್ಟನ್ ವಿಲ್ಲಾ ದುಡ್ಡಿಲ್ಲದೆ ಒದ್ದಾಡುತ್ತಿತ್ತು. ಜ್ಯಾಕ್ ಗ್ರೀಲಿಶ್ ಕಡಿಮೆ ಬೆಲೆಗೆ ಸಿಗುವ ಹಾಗಿದ್ದ. ಇನ್ನೂ ಇಳಿಯಲಿ ಅಂತ ಟೋಟೆನ್ಹ್ಯಾಮ್ ಕಾಯಿತು. ಅಷ್ಟರಲ್ಲಿ ವಿಲ್ಲಾಗೆ ಹೊಸ ಮಾಲೀಕರು ಬಂದರು, ಮಾರುವ ಅಗತ್ಯವೇ ಹೋಯಿತು. ಮೂರು ವರ್ಷದ ಮೇಲೆ ಅದೇ ಗ್ರೀಲಿಶ್ 10 ಕೋಟಿ ಪೌಂಡಿಗೆ ಸಿಟಿಗೆ ಹೋದ. ಆ ಬೇಸಿಗೆ ಟೋಟೆನ್ಹ್ಯಾಮ್ ಒಬ್ಬನನ್ನೂ ಕೊಳ್ಳಲಿಲ್ಲ. 2003ರಲ್ಲಿ ಬೇಸಿಗೆ ವಿಂಡೋ ಪದ್ಧತಿ ಬಂದ ಮೇಲೆ ಪ್ರೀಮಿಯರ್ ಲೀಗ್‌ನಲ್ಲಿ ಹಾಗಾಗಿದ್ದು ಅದೇ ಮೊದಲು. ಆ ಸೀಸನ್ ತಂಡ ಚಾಂಪಿಯನ್ಸ್ ಲೀಗ್ ಫೈನಲ್‌ವರೆಗೆ ಹೋಯಿತು, ಅದೂ ನಿಜ. ಆದರೆ ಒಂದಿಡೀ ಸೀಸನ್ ಹೊಸ ರಕ್ತ ಕಾಣದ ತಂಡ ಮುಂದಿನ ಚಳಿಗಾಲದ ಹೊತ್ತಿಗೆ ಸುಸ್ತಾಗಿತ್ತು, 2019ರ ನವೆಂಬರ್‌ನಲ್ಲಿ ಕೋಚ್ ಪೊಚೆಟಿನೊ ಕೆಲಸ ಕಳೆದುಕೊಂಡರು. ಮಾರುವಾಗ "ಇಲ್ಲ" ಅನ್ನುವುದು ಆಯುಧ. ಕೊಳ್ಳುವಾಗ ಅದನ್ನೇ ಹಿಡಿದು ಕೂತರೆ ಕೈ ಖಾಲಿ.

ದುಡ್ಡಿರುವ ಮಾಲೀಕ ಅವಸರದಲ್ಲಿ ಬಂದು ಕೂತರೆ ಇನ್ನೊಂದು ಥರದ ಅಪಾಯ. 2022ರಲ್ಲಿ ಚೆಲ್ಸಿ ಕೊಂಡ ಗುಂಪಿನ ಟಾಡ್ ಬೋಲಿ ಆ ಬೇಸಿಗೆ ತಾವೇ ತಾತ್ಕಾಲಿಕ ಸ್ಪೋರ್ಟಿಂಗ್ ಡೈರೆಕ್ಟರ್ (ಯಾವ ಆಟಗಾರನನ್ನು ಕೊಳ್ಳಬೇಕು, ಮಾರಬೇಕು ಅಂತ ನೋಡಿಕೊಳ್ಳುವವರು) ಆದರು. ಆ ಒಂದೇ ವಿಂಡೋದಲ್ಲಿ 25 ಕೋಟಿ ಪೌಂಡ್ ದಾಟಿ ಖರ್ಚಾಯಿತು. ಚಳಿಗಾಲಕ್ಕೆ ಬೇರೆ ಡೈರೆಕ್ಟರ್‌ಗಳು ಬಂದರೂ ಖರ್ಚಿನ ವೇಗ ಇಳಿಯಲಿಲ್ಲ. 2023ರ ಜನವರಿಯ ಕೊನೇ ದಿನ ಎಂಜೊ ಫರ್ನಾಂಡಿಸ್‌ಗೆ 10.68 ಕೋಟಿ ಪೌಂಡ್ ಕೊಟ್ಟರು. ಆರು ತಿಂಗಳ ಹಿಂದಷ್ಟೇ ಬೆನ್ಫಿಕಾ ಅವನನ್ನು ರಿವರ್ ಪ್ಲೇಟ್‌ನಿಂದ 1 ಕೋಟಿ ಯೂರೋ ಮತ್ತು ಸ್ವಲ್ಪ ಷರತ್ತಿನ ಮೊತ್ತಕ್ಕೆ ತಂದಿತ್ತು. ಬೆನ್ಫಿಕಾ ಅಧ್ಯಕ್ಷ ರುಯಿ ಕೋಸ್ಟಾ ಮಾಡಿದ್ದು ಒಂದೇ ಕೆಲಸ, ಕ್ಲಾಸ್‌ನ ಮೊತ್ತ ಬಂದರೆ ಮಾತ್ರ ಅಂತ ಹೇಳಿ ಸುಮ್ಮನಿದ್ದರು. ಆ ಸೀಸನ್ ಚೆಲ್ಸಿ 12ನೇ ಸ್ಥಾನಕ್ಕೆ ಬಂತು.

ಬಾರ್ಸಿಲೋನಾ ಕಥೆ ಇನ್ನೂ ನೋವಿನದು. 2017ರ ಆಗಸ್ಟ್‌ನಲ್ಲಿ ಪಿಎಸ್‌ಜಿ ನೇಮಾರ್‌ನ 22.2 ಕೋಟಿ ಯೂರೋ ಕ್ಲಾಸ್ ಕಟ್ಟಿ ಕರೆದುಕೊಂಡು ಹೋಯಿತು. ಬಾರ್ಸಿಲೋನಾ ಕೈಯಲ್ಲಿ ಅಷ್ಟು ದುಡ್ಡಿದೆ, ತುರ್ತಾಗಿ ಒಬ್ಬ ಬೇಕು ಅಂತ ಜಗತ್ತಿಗೇ ಗೊತ್ತಾಯಿತು. ಒಂದು ವರ್ಷದ ಹಿಂದೆ ಡಾರ್ಟ್ಮಂಡ್ 1.5 ಕೋಟಿಗೆ ಕೊಂಡಿದ್ದ ಡೆಂಬೆಲೆಗೆ 10.5 ಕೋಟಿ, ಅದರ ಮೇಲೆ ಷರತ್ತಿನ ಮೊತ್ತ. ಆಮೇಲೆ ಜನವರಿಯಲ್ಲಿ ಲಿವರ್‌ಪೂಲ್‌ನ ಕುಟಿನ್ಹೊ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಮ್ಮ ಹಿರಿಯರು ಹೇಳಿದ್ದು ಇದಕ್ಕೇ.

ಕೋಚ್‌ಗೆ ಬಿಟ್ಟರೆ

ಇದರ ಬಗ್ಗೆ ಜಾಸ್ತಿ ಬರೆಯಲ್ಲ. ಕೋಚ್ ಹೆಸರು ಹೇಳಬೇಕು, ಆಟಗಾರನಿಗೆ ಫೋನ್ ಮಾಡಿ ನಿನ್ನನ್ನು ಹೀಗೆ ಆಡಿಸ್ತೀನಿ ಅಂತ ಒಪ್ಪಿಸಬೇಕು. ಅಲ್ಲಿಗೆ ಸಾಕು. 2003ರ ಆಗಸ್ಟ್‌ನಲ್ಲಿ ಲಿಸ್ಬನ್‌ನಲ್ಲಿ ಒಂದು ಸೌಹಾರ್ದ ಪಂದ್ಯ ಆಡಿ, ಅಲ್ಲಿನ ಸ್ಪೋರ್ಟಿಂಗ್ ಕ್ಲಬ್‌ನ 18ರ ಹುಡುಗ ಕ್ರಿಸ್ಟಿಯಾನೊ ರೊನಾಲ್ಡೊ ಬೇಕೇ ಬೇಕು ಅಂತ ಫರ್ಗುಸನ್ ಹಟ ಹಿಡಿದರು, 1.224 ಕೋಟಿ ಪೌಂಡಿಗೆ ಕೆಲವೇ ದಿನದಲ್ಲಿ ಆಫೀಸಿನವರು ಮುಗಿಸಿದರು. ಹಟ ಒಬ್ಬರದು, ಕಾಗದ ಇನ್ನೊಬ್ಬರದು. ಸರಿಯಾದ ಜೋಡಿ.

ಕೋಚ್‌ನ ಆಸೆ ಎದುರಿನವರಿಗೆ ಗೊತ್ತಾದರೆ ಮುಗೀತು. 2022ರಲ್ಲಿ ಎರಿಕ್ ಟೆನ್ ಹಾಗ್ ಅಯಾಕ್ಸ್‌ನಿಂದ ಯುನೈಟೆಡ್‌ಗೆ ಬಂದರು. ಅಯಾಕ್ಸ್‌ನಲ್ಲೇ ತಾವು ಆಡಿಸಿದ್ದ ಆಂಟನಿ ಬೇಕು ಅಂದರು. ಯುನೈಟೆಡ್ ಮೊದಲ ಎರಡು ಪಂದ್ಯ ಸೋತಿತು, ಅದರಲ್ಲಿ ಒಂದು ಬ್ರೆಂಟ್‌ಫರ್ಡ್ ವಿರುದ್ಧ 4-0. ಅಯಾಕ್ಸ್ ಎಲ್ಲವನ್ನೂ ನೋಡುತ್ತಾ ಕೂತಿತ್ತು. ಕೊನೆಗೆ 9.5 ಕೋಟಿ ಯೂರೋ, ಮೇಲೆ 50 ಲಕ್ಷ ಷರತ್ತಿನ ಮೊತ್ತ. ಆಗ ಮೇಜಿನಲ್ಲಿ ವುಡ್‌ವರ್ಡ್ ಇರಲಿಲ್ಲ ಅನ್ನುವುದನ್ನು ಗಮನಿಸಿ. ಅವರು ಹೋಗಿ ತಿಂಗಳುಗಳಾಗಿದ್ದವು, ಫುಟ್‌ಬಾಲ್ ಡೈರೆಕ್ಟರ್ ಅನ್ನುವ ಹುದ್ದೆಯೂ ಬಂದಿತ್ತು. ಹೆಸರು ಬದಲಾದ ಮಾತ್ರಕ್ಕೆ ಕೆಲಸ ಬದಲಾಗುವುದಿಲ್ಲ.

ಸ್ಪೋರ್ಟಿಂಗ್ ಡೈರೆಕ್ಟರ್: ನನ್ನ ವೋಟು ಇಲ್ಲಿಗೆ, ಆದರೆ ಷರತ್ತಿನ ಮೇಲೆ

ಲಿವರ್‌ಪೂಲ್‌ನ ಮೈಕಲ್ ಎಡ್ವರ್ಡ್ಸ್ ಪೋರ್ಟ್ಸ್‌ಮತ್‌ನಲ್ಲಿ ಪಂದ್ಯಗಳ ಡೇಟಾ ನೋಡುವ ಕೆಲಸದಿಂದ ಶುರು ಮಾಡಿದವರು. 2016ರ ನವೆಂಬರ್‌ನಲ್ಲಿ ಸ್ಪೋರ್ಟಿಂಗ್ ಡೈರೆಕ್ಟರ್ ಆದರು. ಸಂದರ್ಶನ ಕೊಡುವುದಿಲ್ಲ, ಮುಖವೇ ಅಪರೂಪ. ನನ್ನ ಪ್ರಕಾರ ಇದೂ ಒಂದು ಅರ್ಹತೆ. "ನಮ್ಮ ಹತ್ತಿರ ದುಡ್ಡಿಗೆ ಕೊರತೆ ಇಲ್ಲ" ಅಂತ ಮೈಕ್ ಮುಂದೆ ಹೇಳುವವರಿಗೆ ಮುಖ ನೋಡಿಯೇ ಬೆಲೆ ಹೇಳ್ತಾರೆ.

ಅವರ ಕೆಲಸ ಹೇಗಿತ್ತು ಅಂತ ಒಂದೇ ಒಂದು ಸರಪಳಿ ನೋಡೋಣ. 2017ರ ಜನವರಿಯಲ್ಲಿ ಕುಟಿನ್ಹೊಗೆ ಐದು ವರ್ಷದ ಹೊಸ ಒಪ್ಪಂದ, ಅದರಲ್ಲಿ ರಿಲೀಸ್ ಕ್ಲಾಸ್ ಇಲ್ಲ. ಜೂನ್‌ನಲ್ಲಿ ವರ್ಜಿಲ್ ವ್ಯಾನ್ ಡೈಕ್ ವಿಷಯದಲ್ಲಿ ಕ್ಲಬ್ ತಪ್ಪು ಮಾಡಿತು. ಕೇಳದೆ ನಮ್ಮ ಆಟಗಾರನ ಜೊತೆ ಮಾತಾಡಿದರು ಅಂತ ಅವನ ಕ್ಲಬ್ ಸೌತಾಂಪ್ಟನ್ ದೂರು ಕೊಟ್ಟಿತು, ಲಿವರ್‌ಪೂಲ್ ಬಹಿರಂಗವಾಗಿ ಕ್ಷಮೆ ಕೇಳಿ ಹಿಂದೆ ಸರಿಯಿತು. ಬೇರೆ ಕ್ಲಬ್ ಆಗಿದ್ದರೆ ಆಗಸ್ಟ್‌ನಲ್ಲಿ ಕೈಗೆ ಸಿಕ್ಕ ಒಬ್ಬ ಡಿಫೆಂಡರ್‌ನನ್ನು ತಂದು ಸಮಾಧಾನ ಮಾಡಿಕೊಳ್ಳುತ್ತಿತ್ತು. ಇವರು ತರಲಿಲ್ಲ, ಆರು ತಿಂಗಳು ಕಾದರು. ಅದೇ ಆಗಸ್ಟ್‌ನಲ್ಲಿ ನೇಮಾರ್ ದುಡ್ಡು ಹಿಡಿದುಕೊಂಡು ಬಂದ ಬಾರ್ಸಿಲೋನಾವನ್ನು ಕುಟಿನ್ಹೊ ವಿಷಯದಲ್ಲಿ ವಾಪಸ್ ಕಳಿಸಿದರು. ಜನವರಿಯಲ್ಲಿ ವ್ಯಾನ್ ಡೈಕ್ 7.5 ಕೋಟಿ ಪೌಂಡಿಗೆ ಬಂದ. ಅದೇ ತಿಂಗಳು ಕುಟಿನ್ಹೊ, ಷರತ್ತುಗಳೆಲ್ಲ ಸೇರಿ 14.2 ಕೋಟಿಗೆ ಹೋದ. ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್. 2019ಕ್ಕೆ ಚಾಂಪಿಯನ್ಸ್ ಲೀಗ್, 2020ಕ್ಕೆ ಲೀಗ್. ವ್ಯಾನ್ ಡೈಕ್‌ಗೆ ಕೊಟ್ಟಿದ್ದು ಡಿಫೆಂಡರ್ ಒಬ್ಬನಿಗೆ ಅಲ್ಲಿಯತನಕದ ದಾಖಲೆ ಬೆಲೆ. ಚೌಕಾಸಿ ಮಾಡಿ ಇಳಿಸಲೇ ಇಲ್ಲ ಅನ್ನಬಹುದು. ಆದರೆ ಎಲ್ಲಿ ಬಿಗಿ ಹಿಡೀಬೇಕು, ಎಲ್ಲಿ ಪೂರ್ತಿ ಕೊಟ್ಟು ಬಾಯಿ ಮುಚ್ಚಿಕೊಂಡು ಮನೆಗೆ ಕರೆತರಬೇಕು ಅಂತ ಗೊತ್ತಿರುವುದೇ ಈ ಕೆಲಸದ ಜೀವ. ಆ ತೀರ್ಮಾನ ಆಟ ಗೊತ್ತಿದ್ದವರಿಗೆ ಮಾತ್ರ ಆಗುತ್ತದೆ.

ಷರತ್ತು ಅಂದೆ ಅಲ್ವಾ, ಅದು ಇದು. ಎಷ್ಟೇ ಜಾಣ ಡೈರೆಕ್ಟರ್ ಆದರೂ ಹಿಂದೆ ಕ್ಲಬ್ ಗಟ್ಟಿಯಾಗಿ ನಿಲ್ಲದಿದ್ದರೆ ಸೋಲುತ್ತಾರೆ. ಸ್ಪೇನಿನ ಸೆವಿಯಾ ಕ್ಲಬ್‌ನಲ್ಲಿ 2000ದಿಂದ ಕೂತು, ಕಡಿಮೆಗೆ ಕೊಂಡು ಜಾಸ್ತಿಗೆ ಮಾರಿ, 2006ರಿಂದ 2016ರೊಳಗೆ ಐದು ಸಲ ಯುರೋಪಾ ಲೀಗ್ (ಮೊದಲಿನ ಯುಇಎಫ್‌ಎ ಕಪ್) ಗೆಲ್ಲುವ ತಂಡಗಳನ್ನು ಕಟ್ಟಿದ ಮೊಂಚಿ 2017ರಲ್ಲಿ ರೋಮಾಗೆ ಹೋದರು. ಹಣಕಾಸು ನಿಯಮದ ಪ್ರಕಾರ ಜೂನ್ 30ರೊಳಗೆ ರೋಮಾ ಯಾರನ್ನಾದರೂ ಮಾರಲೇಬೇಕಿತ್ತು. ಹಾಗಾಗಿ ಮೊಹಮ್ಮದ್ ಸಲಾಹ್‌ನನ್ನು ಸುಮಾರು 4.2 ಕೋಟಿ ಯೂರೋಗೆ, ಮೇಲೆ ಷರತ್ತಿನ ಮೊತ್ತ ಇಟ್ಟು, ಲಿವರ್‌ಪೂಲ್‌ಗೆ ಕೊಟ್ಟರು. ಮೊದಲ ಸೀಸನ್‌ನಲ್ಲೇ ಸಲಾಹ್ 44 ಗೋಲು ಹೊಡೆದ. ಇನ್ನು ಆರು ವಾರ ಕಾದಿದ್ದರೆ ನೇಮಾರ್ ಡೀಲ್ ಆದ ಮೇಲೆ ಬೆಲೆಗಳೆಲ್ಲ ಗಗನಕ್ಕೆ ಹೋಗುತ್ತಿದ್ದವು. ಮೊಂಚಿಗೆ ಕಾಯುವ ಹಕ್ಕೇ ಇರಲಿಲ್ಲ. ಇಲ್ಲಿ ನಾನು ಅವರ ಜಾಣತನವನ್ನು ದೂರಲ್ಲ, ಗಡುವು ಕೊರಳಿಗೆ ಬಿದ್ದ ಮೇಲೆ ಅವರನ್ನು ಕರೆಸಿದ ಲೆಕ್ಕಪತ್ರವನ್ನು ದೂರುತ್ತೇನೆ.

ಹಾಗಾದರೆ ನಿಮ್ಮ ಕ್ಲಬ್‌ಗೆ ಯಾವುದು?

ಮಾರುವ ಡೀಲ್ ಆದರೆ, ಸಿಇಒ ಅಥವಾ ಅಧ್ಯಕ್ಷ ಮುಂದೆ ಕೂರಲಿ. ತೊಂದರೆ ಇಲ್ಲ. ಒಂದೇ ಒಂದು ಕೆಲಸ ಮುಂಚೆ ಆಗಿರಬೇಕು: ಆಟಗಾರನ ಒಪ್ಪಂದದಲ್ಲಿ ವರ್ಷಗಳು ಉಳಿದಿರಬೇಕು. ಬ್ರೈಟನ್ ಮಾಡಿದ್ದನ್ನು ನೋಡಿ ಕಲಿಯಬಹುದು. ಮೊಯ್ಸೆಸ್ ಕೈಸೆಡೊನನ್ನು 2021ರಲ್ಲಿ ಈಕ್ವೆಡಾರ್‌ನ ಕ್ಲಬ್‌ನಿಂದ ಸುಮಾರು 45 ಲಕ್ಷ ಪೌಂಡಿಗೆ ತಂದರು. 2023ರ ಜನವರಿಯಲ್ಲಿ ಆರ್ಸೆನಲ್ ಬಿಡ್ ಮೇಲೆ ಬಿಡ್ ಹಾಕಿತು, ನನ್ನನ್ನು ಬಿಡಿ ಅಂತ ಹುಡುಗನೇ ಇನ್‌ಸ್ಟಾಗ್ರಾಂನಲ್ಲಿ ಪತ್ರ ಬರೆದ. ಕ್ಲಬ್ ಒಪ್ಪಲಿಲ್ಲ. ಜಗಳಕ್ಕೂ ಹೋಗಲಿಲ್ಲ, ವಿಂಡೋ ಮುಚ್ಚುವವರೆಗೆ ರಜೆ ತಗೋ ಅಂದಿತು. ಮಾರ್ಚ್‌ನಲ್ಲಿ ಅವನ ಕೈಲೇ 2027ರವರೆಗೆ ಹೊಸ ಸಹಿ ಹಾಕಿಸಿತು. ಆಗಸ್ಟ್‌ನಲ್ಲಿ ಲಿವರ್‌ಪೂಲ್ ಮತ್ತು ಚೆಲ್ಸಿ ಎರಡೂ ಪೈಪೋಟಿಗೆ ಬಿದ್ದವು. ಕೊನೆಗೆ 10 ಕೋಟಿ ಪೌಂಡ್, ಜೊತೆಗೆ 1.5 ಕೋಟಿ ಷರತ್ತಿನ ಮೊತ್ತಕ್ಕೆ ಚೆಲ್ಸಿಗೆ ಹೋದ. ಚೆಲ್ಸಿಯ ಹಿಂದಿನ ಡೈರೆಕ್ಟರ್ ಮರೀನಾ ಗ್ರಾನೊವ್‌ಸ್ಕಾಯಾ ಕೂಡ ಮಾರುವುದರಲ್ಲಿ ಗಟ್ಟಿ ಕೈ. ಅಜಾರ್ ಒಪ್ಪಂದ ಮುಗಿಯಲು ಒಂದೇ ವರ್ಷ ಇದ್ದಾಗ ರಿಯಲ್ ಮ್ಯಾಡ್ರಿಡ್‌ನಿಂದ 10 ಕೋಟಿ ಯೂರೋ ತಂದರು. ಅದೇ ಕೈ ಕೊಳ್ಳುವಾಗ, ಕುರ್ಟುವಾ ಕೊನೇ ಗಳಿಗೆಯಲ್ಲಿ ಹೊರಟ ಮೇಲೆ, ಗೋಲ್‌ಕೀಪರ್ ಕೆಪಾಗೆ 8 ಕೋಟಿ ಯೂರೋ ಕ್ಲಾಸ್ ಪೂರ್ತಿ ಕಟ್ಟಬೇಕಾಯಿತು. ನೋಡಿ, ಒಬ್ಬರೇ ವ್ಯಕ್ತಿ, ಮೇಜಿನ ಎರಡು ಬದಿ.

ಕೊಳ್ಳುವ ಡೀಲ್ ಆದರೆ ಸ್ಪೋರ್ಟಿಂಗ್ ಡೈರೆಕ್ಟರ್ ಮುಂದೆ, ಸಿಇಒ ಹಿಂದೆ. ಹಿಂದೆ ಅಂದರೆ ಕಡಿಮೆ ಅಂತಲ್ಲ. "ಇಷ್ಟರ ಮೇಲೆ ಒಂದು ಪೈಸೆ ಇಲ್ಲ" ಅನ್ನುವ ಗೆರೆ ಹಾಕುವವರು ಅವರು. ಡೈರೆಕ್ಟರ್ ಎದುರಿನವರಿಗೆ "ನನ್ನ ಕೈಲಿಲ್ಲ, ಮೇಲಿನವರನ್ನು ಕೇಳಬೇಕು" ಅಂತ ಹೇಳಿ ಎರಡು ದಿನ ಗಳಿಸಬಹುದು. ಸಿಇಒ ಅಥವಾ ಮಾಲೀಕರೇ ಎದುರಿಗೆ ಕೂತರೆ ಆ ನೆಪ ಹೋಯಿತು. ಅವರ ಮುಖದಲ್ಲೇ ಕೊನೇ ಬೆಲೆ ಕಾಣುತ್ತದೆ.

ಸಣ್ಣ ಕ್ಲಬ್, ಡೈರೆಕ್ಟರ್ ಇಟ್ಟುಕೊಳ್ಳಲು ಶಕ್ತಿ ಇಲ್ಲ ಅಂದರೆ, ಸಿಇಒನೇ ಕೂರಲಿ. ಆದರೆ ಪಕ್ಕದ ಕುರ್ಚಿಯಲ್ಲಿ ಮುಖ್ಯ ಸ್ಕೌಟ್ (ಆಟಗಾರರನ್ನು ಹುಡುಕುವವರು) ಇರಲೇಬೇಕು. ಹೊರಗಿನ ಮಧ್ಯವರ್ತಿಗೆ ಪೂರ್ತಿ ಬಿಡುವುದನ್ನು ನಾನು ಯಾರಿಗೂ ಹೇಳಲ್ಲ. ಡೀಲ್ ಆದರೆ ಮಾತ್ರ ಕಮಿಷನ್ ಸಿಗುವವರು ಡೀಲ್ ಬೇಡ ಅನ್ನುತ್ತಾರಾ?

ಈಗಿರುವ ಅಧಿಕಾರಿ ಸರಿಯಾ ಅಂತ ಹೊರಗಿನಿಂದ ನೋಡುವವರಿಗೂ ಕೆಲವು ಗುರುತು ಸಿಗುತ್ತವೆ. ಕಳೆದ ಎರಡು ಮೂರು ವರ್ಷ ಅವರು ದೊಡ್ಡ ಡೀಲ್‌ಗಳನ್ನು ಯಾವ ತಾರೀಕಿಗೆ ಮುಗಿಸಿದ್ದಾರೆ? ಎಲ್ಲವೂ ಕೊನೇ ವಾರದಲ್ಲೇ ಆಗಿದ್ದರೆ ತಯಾರಿ ಇಲ್ಲ ಅಂತಲೇ ಅರ್ಥ. ಮೊದಲ ಹೆಸರು ಕೈತಪ್ಪಿದಾಗ ಬಂದವನು ಅದೇ ಜಾಗದಲ್ಲಿ, ಅದೇ ಥರ ಆಡುವವನಾ, ಅಥವಾ ಸುಮ್ನೆ ಸಿಕ್ಕವನಾ? 2022ರಲ್ಲಿ ಯುನೈಟೆಡ್ ಇಡೀ ಬೇಸಿಗೆ ಫ್ರೆಂಕಿ ಡಿ ಯಾಂಗ್ ಹಿಂದೆ ಓಡಿತು, ಅವನಿಗೆ ಬಾರ್ಸಿಲೋನಾ ಬಿಡುವ ಮನಸ್ಸಿರಲಿಲ್ಲ, ಕೊನೆಗೆ ಬಂದವನು ಬೇರೆಯೇ ಥರ ಆಡುವ, 30 ದಾಟಿದ ಕಾಸೆಮಿರೊ. ಒಳ್ಳೇ ಆಟಗಾರನೇ, ಆದರೆ ಹುಡುಕಿ ಹೊರಟಿದ್ದು ಅವನನ್ನಲ್ಲ. ಇನ್ನೊಂದು: ತಂಡದ ಮುಖ್ಯ ಆಟಗಾರರಲ್ಲಿ ಎಷ್ಟು ಜನರ ಒಪ್ಪಂದ ಮುಂದಿನ ಬೇಸಿಗೆಗೆ ಮುಗಿಯುತ್ತದೆ? ಕೊನೇ ಆರು ತಿಂಗಳಿಗೆ ಬಂದ ಆಟಗಾರ ಬೇರೆ ದೇಶದ ಕ್ಲಬ್ ಜೊತೆ ತಾನೇ ಮಾತಾಡಿ ಸಹಿ ಹಾಕಬಹುದು. ಅಲ್ಲಿಯತನಕ ಬಿಟ್ಟವರ ಹತ್ತಿರ ಮಾರಲು ಏನೂ ಉಳಿದಿರುವುದಿಲ್ಲ.

ಕೊನೇ ಗುರುತು ತುಂಬಾ ಸಣ್ಣದು, ಆದರೆ ನಾನು ಅದನ್ನು ಮೊದಲು ನೋಡ್ತೀನಿ: ಕಾಗದ. 2017ರ ಆಗಸ್ಟ್ 31ರ ರಾತ್ರಿ ಲೆಸ್ಟರ್ ಪೋರ್ಚುಗಲ್‌ನ ಆಡ್ರಿಯೆನ್ ಸಿಲ್ವಾಗೆ ಸ್ಪೋರ್ಟಿಂಗ್ ಜೊತೆ ಎಲ್ಲ ಮಾತಾಡಿ ಮುಗಿಸಿತ್ತು. ಬೆಲೆ ಒಪ್ಪಿಗೆ, ಸಂಬಳ ಒಪ್ಪಿಗೆ, ಆಟಗಾರ ಒಪ್ಪಿಗೆ. ನೋಂದಣಿ ದಾಖಲೆ ಫಿಫಾ ವ್ಯವಸ್ಥೆಗೆ ತಲುಪಿದ್ದು ಗಡುವು ದಾಟಿ 14 ಸೆಕೆಂಡ್ ಆದ ಮೇಲೆ. ಫಿಫಾ ಒಪ್ಪಲಿಲ್ಲ, ಮೇಲ್ಮನವಿಯೂ ನಡೆಯಲಿಲ್ಲ. 28 ವರ್ಷದ, ಯುರೋ ಕಪ್ ಗೆದ್ದ ತಂಡದ ಮಿಡ್‌ಫೀಲ್ಡರ್ ನಾಲ್ಕು ತಿಂಗಳು ಪ್ರಾಕ್ಟೀಸ್ ಮಾಡಿಕೊಂಡು, ಪಂದ್ಯದ ದಿನ ಸ್ಟ್ಯಾಂಡ್‌ನಲ್ಲಿ ಕೂತು, ಜನವರಿ 1 ಬರುವುದನ್ನು ಕಾಯಬೇಕಾಯಿತು.